ಐದು ಪೈಸೆ ಕಮರ್‌ಕಟ್ಟು, ನಾನು ಅಚ್ಚು ಹಾಕಿದ ಲೇಬಲ್ಲು

(ರಾಜ್ಯೋತ್ಸವದ ಸಂಜೆ ಬಡಾವಣೆಯ ಹುಡುಗರ ಮುಂದೆ ಆಡಿದ ಮಾತು)



ನಾನು ಭಾಷಣಕಾರನಲ್ಲ. ಕಾಟನ್‌ಪೇಟೆಯ ಒಂದು ಗಲ್ಲಿಯಲ್ಲಿ ಅಪ್ಪ ಬಿಟ್ಟುಹೋದ ಪ್ರೆಸ್ ನಡೆಸುತ್ತೇನೆ. ಪಿಯುಸಿ ಮುಗಿಸಿ ಮೆಷಿನ್ ಮುಂದೆ ನಿಂತವನು ಇನ್ನೂ ಅಲ್ಲೇ ನಿಂತಿದ್ದೇನೆ. ನಿಮ್ಮ ಕೈಯಲ್ಲಿರುವ ಈ ಕಾರ್ಯಕ್ರಮದ ಕರಪತ್ರ ನಾನೇ ಅಚ್ಚು ಹಾಕಿದ್ದು. ಅದರಲ್ಲಿ ಎರಡನೇ ಸಾಲಿನಲ್ಲಿ ಒಂದು ಒತ್ತಕ್ಷರ ಬಿದ್ದುಹೋಗಿದೆ. ಅದೂ ನನ್ನದೇ ತಪ್ಪು, ಕ್ಷಮಿಸಿ.

"ಹಳೇ ಕಾಲದ ತಿಂಡಿ ಬಗ್ಗೆ ಮಾತಾಡಿ ಸಾರ್, ಹುಡುಗರಿಗೆ ಮಜಾ ಇರುತ್ತೆ" ಅಂದರು ಇಲ್ಲಿಯವರು. ಆಯ್ತು ಅಂದೆ. ಆದರೆ ಮನೆಗೆ ಹೋಗಿ ಯೋಚನೆ ಮಾಡಿದಾಗ ಮಜಾ ಬರಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಾನು ಹುಟ್ಟಿದ್ದು 1979ರಲ್ಲಿ. ಐದು ಪೈಸೆಗೆ ಬೆಲೆ ಇದ್ದ ಕಾಲ ನೋಡಿದ ಕೊನೆಯ ತಲೆಮಾರು ನಮ್ಮದು. ನಗಬೇಡಿ! ನಾಲ್ಕು ಮೂಲೆಯ ಆ ಅಲ್ಯೂಮಿನಿಯಂ ಬಿಲ್ಲೆ ಕೈಯಲ್ಲಿದ್ದರೆ ಶಾಲೆಯ ಗೇಟಿನ ಮುಂದೆ ನಾವು ಸಾಹುಕಾರರು. ಗೇಟಿನ ಹೊರಗೆ ಅಜ್ಜಿಯೊಬ್ಬರು ಗೋಣಿತಾಟು ಹಾಸಿಕೊಂಡು ಕೂತಿರುತ್ತಿದ್ದರು. ಎಲಚಿ ಹಣ್ಣು, ಉಪ್ಪು ಖಾರ ಸವರಿದ ನೆಲ್ಲಿಕಾಯಿ, ಕಡ್ಡಿಗೆ ಮೆತ್ತಿದ ಹುಣಸೆ ಚಿಗಳಿ. ಬೆರಳಿಗೆ ಉಂಗುರದ ಹಾಗೆ ಸಿಕ್ಕಿಸಿಕೊಂಡು ಒಂದೊಂದೇ ಕಡಿಯುವ ಬೋಟಿ. ಪಕ್ಕದ ಅಂಗಡಿಯ ಗಾಜಿನ ಭರಣಿಗಳಲ್ಲಿ ಶುಂಠಿ ಪೆಪ್ಪರ್‌ಮೆಂಟ್, ಜೀರಿಗೆ ಪೆಪ್ಪರ್‌ಮೆಂಟ್, ಕಮರ್‌ಕಟ್ಟು. ತಿಂಗಳಿಗೊಮ್ಮೆ ಕೋಲಿನ ತುದಿಯಲ್ಲಿ ಗೊಂಬೆ ಕಟ್ಟಿಕೊಂಡು ಒಬ್ಬ ಬರುತ್ತಿದ್ದ. ದಾರ ಎಳೆದರೆ ಗೊಂಬೆ ಚಪ್ಪಾಳೆ ತಟ್ಟುತ್ತಿತ್ತು. ಗುಲಾಬಿ ಬಣ್ಣದ ಪಾಕ ಎಳೆದು ನಮ್ಮ ಮಣಿಕಟ್ಟಿಗೆ ವಾಚು ಕಟ್ಟಿಕೊಡುತ್ತಿದ್ದ. ಟೈಮ್ ನೋಡಿಕೊಂಡು ನೆಕ್ಕುತ್ತಿದ್ದೆವು!

ಈಗ ನೀವು ಹೇಳುತ್ತೀರಿ, ಇವೆಲ್ಲ ಕೊಳಕು ತಿಂಡಿ ಅಂತ. ಅರ್ಧ ನಿಜ. ಬೊಂಬಾಯಿ ಮಿಠಾಯಿಗೆ ಹಾಕುತ್ತಿದ್ದ ರೋಡಮಿನ್-ಬಿ ಅನ್ನುವ ಬಣ್ಣವನ್ನು ನಮ್ಮ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದ್ದು ಸರಿಯಾಗಿಯೇ ಇದೆ. ಅದು ಬಟ್ಟೆಗೆ ಹಾಕುವ ಬಣ್ಣ, ಹೊಟ್ಟೆಗಲ್ಲ. ಪ್ರೆಸ್‌ನವನಾಗಿ ಇನ್ನೊಂದು ಮಾತು: ಬೋಂಡ ಬಜ್ಜಿಯನ್ನು ಪೇಪರಿನಲ್ಲಿ ಕಟ್ಟಿಸಿಕೊಂಡು ತಿನ್ನಬೇಡಿ. ಆ ಶಾಯಿಯಲ್ಲಿ ಏನೇನಿರುತ್ತೆ ಅಂತ ನನಗೆ ಗೊತ್ತು. ಹಳೆಯದೆಲ್ಲ ಚಿನ್ನ ಅಂತ ಹೇಳಲು ನಾನು ಬಂದಿಲ್ಲ.

ದೊಡ್ಡವರ ತಿಂಡಿಗಳೂ ಸತ್ತವು. ಗೋಲ್ಡ್ ಸ್ಪಾಟ್ ಹೆಸರು ನಿಮ್ಮ ಅಪ್ಪ ಅಮ್ಮನ ಹತ್ತಿರ ಎತ್ತಿ ನೋಡಿ, ಮುಖ ಅರಳುತ್ತದೆ. ಕಿತ್ತಳೆ ಬಣ್ಣದ ಆ ಪಾನೀಯ ನಮಗೆ ಸಿಗುತ್ತಿದ್ದದ್ದು ಮನೆಗೆ ಬೀಗರು ಬಂದಾಗ ಮಾತ್ರ, ಅದೂ ಒಂದು ಬಾಟಲಿಗೆ ಮೂರು ಲೋಟ. ಇದರ ಹಿಂದೆ ಒಂದು ಕಥೆ ಇದೆ, ಕೇಳಿ. 1973ರ ವಿದೇಶಿ ವಿನಿಮಯ ಕಾಯ್ದೆ ಬಂದ ಮೇಲೆ ವಿದೇಶಿ ಪಾಲನ್ನು ಶೇಕಡಾ 40ಕ್ಕೆ ಇಳಿಸಲು ಒಪ್ಪದ ಕೋಕಾಕೋಲಾ 1977ರಲ್ಲಿ ಗಂಟುಮೂಟೆ ಕಟ್ಟಿತು. ಆಗ ಕೈಗಾರಿಕಾ ಮಂತ್ರಿ ಯಾರು? ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಆ ಜಾಗ ತುಂಬಲು ಸರ್ಕಾರವೇ 'ಡಬಲ್ ಸೆವೆನ್' ಅನ್ನುವ ಕೋಲಾ ತಂದಿತು. ಅದರ ಸೂತ್ರ ತಯಾರಾದದ್ದು ಎಲ್ಲಿ ಗೊತ್ತೇ? ನಮ್ಮ ಮೈಸೂರಿನಲ್ಲಿ! ಚೆಲುವಾಂಬಾ ಮಹಲಿನಲ್ಲಿರುವ ಸಿಎಫ್‌ಟಿಆರ್‌ಐ ವಿಜ್ಞಾನಿಗಳ ಕೈಯಲ್ಲಿ. ಜನತಾ ಸರ್ಕಾರ ಬಿತ್ತು, ಡಬಲ್ ಸೆವೆನ್ನೂ ಮುಳುಗಿತು. ನಮ್ಮಪ್ಪ ಅದನ್ನು ಕುಡಿದಿದ್ದರಂತೆ. "ಹೆಂಗಿತ್ತಪ್ಪ?" ಅಂದರೆ "ಸರ್ಕಾರದ್ದು ಕಣೋ" ಅಂತ ಅಷ್ಟೇ ಹೇಳುತ್ತಿದ್ದರು.

1993ರಲ್ಲಿ ಕೋಕಾಕೋಲಾ ಮರಳಿ ಬಂತು. ಪಾರ್ಲೆಯವರ ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್ ಎಲ್ಲವನ್ನೂ ಕೊಂಡಿತು. ಥಮ್ಸ್ ಅಪ್ ಉಳಿಯಿತು, ಲಿಮ್ಕಾ ಉಳಿಯಿತು. ಗೋಲ್ಡ್ ಸ್ಪಾಟನ್ನು ಫ್ಯಾಂಟಾಗೋಸ್ಕರ ಕೊಂದರು. ಕೊಂಡವರಿಗೆ ಕೊಲ್ಲುವ ಹಕ್ಕೂ ಬರುತ್ತದೆ, ವ್ಯಾಪಾರ ಅಂದರೆ ಹಾಗೆಯೇ. ಬದುಕಿಸುವ ಹಕ್ಕೂ ಅವರದ್ದೇ. 2006ರಲ್ಲಿ ನಿಂತಿದ್ದ ರೋಲ್-ಎ-ಕೋಲಾ ಮಿಠಾಯಿಯನ್ನು ಜನ ಕೇಳಿದರೆಂದು ಪಾರ್ಲೆ 2019ರಲ್ಲಿ ವಾಪಸ್ ತಂದಿತು. ಕ್ಯಾಂಪಾ ಕೋಲಾ ಹೆಸರನ್ನು ರಿಲಯನ್ಸ್ ಕೊಂಡು 2023ರಲ್ಲಿ ಮತ್ತೆ ಅಂಗಡಿಗಿಳಿಸಿತು. ಹೆಸರಿಗೆ ಒಬ್ಬ ಯಜಮಾನ ಇದ್ದರೆ, ಅವನ ಹತ್ತಿರ ದುಡ್ಡಿದ್ದರೆ, ಸತ್ತದ್ದು ಎದ್ದು ಬರುತ್ತದೆ.

ಕಮರ್‌ಕಟ್ಟಿಗೆ ಯಾರು ಯಜಮಾನ?

ಇಲ್ಲಿಂದ ನನ್ನ ಕಥೆ. ನಮ್ಮ ಪ್ರೆಸ್ಸಿಗೆ ಒಬ್ಬ ಗಿರಾಕಿ ಇದ್ದರು. ಹೆಸರು ಬೇಡ, ಅವರ ಮಕ್ಕಳು ಇದೇ ಊರಿನಲ್ಲಿದ್ದಾರೆ. ಮನೆಯ ಹಿಂದೆ ಒಂದು ಶೀಟಿನ ಶೆಡ್ಡು, ಎರಡು ಒಲೆ, ನಾಲ್ಕು ಜನ ಹೆಂಗಸರು. ಬೆಲ್ಲದ ಪಾಕವನ್ನು ನೀರಿಗೆ ಒಂದು ಹನಿ ಬಿಟ್ಟರೆ ಟಣ್ ಅಂತ ಗಟ್ಟಿಯಾಗುವ ತನಕ ಕಾಯಿಸಿ, ಕಾಯಿತುರಿ ಹಾಕಿ, ಬಿಸಿ ಇರುವಾಗಲೇ ಅಂಗೈಗೆ ತುಪ್ಪ ಸವರಿಕೊಂಡು ಉಂಡೆ ಕಟ್ಟಬೇಕು. ಎರಡು ನಿಮಿಷ ತಡವಾದರೆ ಕಲ್ಲು. ಆ ಹೆಂಗಸರ ಅಂಗೈ ನೋಡಿದ್ದೇನೆ, ಗೆರೆಗಳೇ ಇರಲಿಲ್ಲ.

ಡಬ್ಬದ ಮೇಲೆ ಅಂಟಿಸುವ ಲೇಬಲ್ಲು ನಮ್ಮದು. ಕೆಂಪು, ಹಸಿರು ಎರಡೇ ಬಣ್ಣ. ಟ್ರೆಡಲ್ ಮೆಷಿನ್ನಿನಲ್ಲಿ ಒಂದು ಬಣ್ಣ ಹೊಡೆದು, ಒಣಗಿಸಿ, ಎರಡನೆಯದು ಹೊಡೆಯಬೇಕು. ನಡುವೆ ಒಂದು ಗಿಣಿ. ಅದರ ಬ್ಲಾಕನ್ನು ಅಪ್ಪ ಮಾಡಿಸಿದ್ದು. ಗಿಣಿಯ ಕೆಳಗೆ ದಪ್ಪ ಮೊಳೆಯಲ್ಲಿ ಕನ್ನಡದಲ್ಲಿ 'ಶುಂಠಿ ಪೆಪ್ಪರ್‌ಮೆಂಟು'. ಹಸಿರು ಎಷ್ಟು ಹುಷಾರಾಗಿ ಕೂರಿಸಿದರೂ ಗಿಣಿಯ ಕೊಕ್ಕು ಒಂದು ಕೂದಲೆಳೆ ಆಚೆ ಹೋಗುತ್ತಿತ್ತು.

2003ರಲ್ಲಿ ಅಪ್ಪ ತೀರಿಕೊಂಡ ಮೇಲೆ ಅಂಗಡಿ ನನ್ನ ಕೈಗೆ ಬಂತು. ಹೊಸ ಆಫ್‌ಸೆಟ್, ಹೊಸ ಕಂಪ್ಯೂಟರ್, ಹೊಸ ಜಂಬ. ಆ ಯಜಮಾನರು ಎಂದಿನಂತೆ ಲೇಬಲ್ಲು ಕೇಳಲು ಬಂದರು. ನಾನೇ ಹೇಳಿದೆ, ಯಾರೂ ಹೇಳಿಸಲಿಲ್ಲ: "ಇದು ಹಳೇ ಫ್ಯಾಷನ್ ಯಜಮಾನ್ರೇ. ಇಂಗ್ಲಿಷಲ್ಲಿ ದೊಡ್ಡದಾಗಿ 'ಜಿಂಜರ್ ಕ್ಯಾಂಡಿ' ಅಂತ ಹಾಕೋಣ. ಗಿಣಿ ತೆಗೆಯೋಣ. ಮಾಲ್‌ಗೂ ಹೋಗುತ್ತೆ."

ಅವರು ಸುಮ್ಮನೆ ನನ್ನನ್ನೇ ನೋಡಿ ಅಂದರು: "ತಿನ್ನೋ ಮಗೀಗೆ ಓದೋಕೆ ಬರ್ಬೇಕಲ್ಲಪ್ಪ."

"ಈಗಿನ ಮಕ್ಕಳೆಲ್ಲ ಕಾನ್ವೆಂಟು, ಬಿಡಿ" ಅಂದು ನಕ್ಕೆ. ನಾಲ್ಕು ಬಣ್ಣದಲ್ಲಿ ಹೊಡೆದುಕೊಟ್ಟೆ. ಮಿರಮಿರ ಮಿಂಚುತ್ತಿತ್ತು. ನನಗೆ ಬಹಳ ಖುಷಿಯಾಗಿತ್ತು.

ಮೂರು ತಿಂಗಳ ಮೇಲೆ ಅವರು ಬಂದು ಹೇಳಿದ್ದು: ಅಂಗಡಿಯವರು "ಇದು ನಿಮ್ಮದಲ್ಲ, ಡೂಪ್ಲಿಕೇಟು" ಅಂತ ಡಬ್ಬ ವಾಪಸ್ ಕಳಿಸುತ್ತಿದ್ದಾರೆ. ಗಿಣಿ ಎಲ್ಲಿ ಅಂತ ಕೇಳುತ್ತಿದ್ದಾರೆ. ಹೊಸ ಲೇಬಲ್ಲು ನೋಡಿದ ಮಾಲ್‌ನವರೂ ಕರೆಯಲಿಲ್ಲ. ಅವರಿಗೆ ಬೇಕಾದದ್ದು ಬಾರ್‌ಕೋಡು, ಸರಬರಾಜಿನ ಗ್ಯಾರಂಟಿ, ಆರು ತಿಂಗಳ ಉದ್ದರಿ.

ನಾನು ಲೇಬಲ್ಲಿನಿಂದಲೇ ಅವರು ಮುಳುಗಿದರು ಅಂತ ಹೇಳುತ್ತಿಲ್ಲ. ಹಾಗೆ ಹೇಳಿದರೆ ಈ ವೇದಿಕೆಯಲ್ಲಿ ಚಪ್ಪಾಳೆ ಸಿಗುತ್ತದೆ, ಆದರೆ ಸುಳ್ಳಾಗುತ್ತದೆ. ನಿಜವಾದ ಕಾರಣ ನನ್ನ ಕಸುಬಿನಲ್ಲೇ ಇದೆ, ಸ್ವಲ್ಪ ತಾಳ್ಮೆಯಿಂದ ಕೇಳಿ. ಬೆಲ್ಲ ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ ಕಮರ್‌ಕಟ್ಟು ಬೆವರುತ್ತದೆ, ಒಂದಕ್ಕೊಂದು ಅಂಟುತ್ತದೆ. ಕೊಬ್ಬರಿಯ ಎಣ್ಣೆ ಬೇಗ ಕಮಟು ಹಿಡಿಯುತ್ತದೆ. ಇದಕ್ಕೆ ಮದ್ದು ಪ್ಲಾಸ್ಟಿಕ್ ಪದರದ ಹೊದಿಕೆ, ಎರಡು ತುದಿ ಶಾಖದಲ್ಲಿ ಅಂಟಿಸಿದ ದಿಂಬಿನಂಥ ಪ್ಯಾಕೆಟ್ಟು. ಆ ಹೊದಿಕೆಯ ಮೇಲೆ ಅಚ್ಚು ಹಾಕುವುದು ನನ್ನಂಥವನ ಮೆಷಿನ್ನಿನಲ್ಲಿ ಆಗದು. ಅದಕ್ಕೆ ಗ್ರೇವಿಯರ್ ಬೇಕು. ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರು, ತಾಮ್ರ ಲೇಪಿಸಿ, ಕೊರೆದು, ಮೇಲೆ ಕ್ರೋಮಿಯಂ ಕೂರಿಸಿದ್ದು. ಆ ಖರ್ಚು ಹುಟ್ಟಬೇಕಾದರೆ ಹೊದಿಕೆಯನ್ನು ಕ್ವಿಂಟಾಲ್‌ಗಟ್ಟಲೆ ಹೊಡೆಸಬೇಕು. ನಾಲ್ಕು ಜನ ಹೆಂಗಸರು ಉಂಡೆ ಕಟ್ಟುವ ಶೆಡ್ಡಿಗೆ ಕ್ವಿಂಟಾಲ್ ಹೊದಿಕೆ ಎಲ್ಲಿಂದ ಬರಬೇಕು? ಮಿಠಾಯಿಗಿಂತ ಮಿಠಾಯಿಯ ಬಟ್ಟೆ ದುಬಾರಿಯಾಯಿತು. ದೊಡ್ಡ ಕಂಪನಿ ಗೆದ್ದದ್ದು ರುಚಿಯಲ್ಲಲ್ಲ, ಕಾಗದದಲ್ಲಿ.

ಮೇಲೆ ಕಾನೂನು ಬೇರೆ. 1977ರ ಪೊಟ್ಟಣ ಸರಕು ನಿಯಮ ಇರಲಿ, 2011ರದ್ದಿರಲಿ, ಆಹಾರ ಸುರಕ್ಷತಾ ಪ್ರಾಧಿಕಾರದ ಲೇಬಲ್ ನಿಯಮ ಇರಲಿ, ಎಲ್ಲವೂ ಹೇಳುವುದು ಒಂದೇ: ಕಡ್ಡಾಯ ವಿವರ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಬೇಕು, ಉಳಿದ ಭಾಷೆ ಬೇಕಾದರೆ ಜೊತೆಗೆ ಹಾಕಿಕೊಳ್ಳಿ. ಬೇಕಾದರೆ! ಕನ್ನಡ ಅಲ್ಲಿ ಉಪ್ಪಿನಕಾಯಿಯ ಹಾಗೆ, ಎಲೆಯ ತುದಿಯಲ್ಲಿ. ರಾಜ್ಯದಲ್ಲಿ ತಯಾರಾದ ಸರಕಿನ ಮೇಲೆ ಕನ್ನಡವೂ ಇರಬೇಕು ಅಂತ ನಮ್ಮ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಹೇಳುತ್ತದೆ. ಆ ಯಜಮಾನರ ಕಾಲಕ್ಕೆ ಅದು ಬರಲಿಲ್ಲ. ಅವರಿಗೆ ಅದರ ಅಗತ್ಯವೂ ಇರಲಿಲ್ಲ, ಅವರ ಲೇಬಲ್ಲು ತಾನಾಗಿಯೇ ಕನ್ನಡದಲ್ಲಿತ್ತು. ಕೆಡಿಸಿದವನು ನಾನು.

ಚಿಲ್ಲರೆಯೂ ಅವರ ಕೈಬಿಟ್ಟಿತು. 2011ರ ಜೂನ್ 30ಕ್ಕೆ 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆಯನ್ನು ಸರ್ಕಾರ ನಿಲ್ಲಿಸಿತು; ಅಂಗಡಿಯವರು ಅದಕ್ಕೂ ಎಷ್ಟೋ ವರ್ಷ ಮೊದಲೇ ಅವನ್ನು ಮುಟ್ಟುತ್ತಿರಲಿಲ್ಲ. ಐದು ಪೈಸೆಯ ತಿಂಡಿಗೆ ಐದು ಪೈಸೆಯೇ ಇಲ್ಲದ ಮೇಲೆ ಏನು ಮಾಡುವುದು?

ಅವರು ಕೊನೆಯ ಸಲ ಬಂದದ್ದು 2008ರ ಒಂದು ಮಧ್ಯಾಹ್ನ. ಶೆಡ್ಡು ಬಾಡಿಗೆಗೆ ಕೊಟ್ಟೆ ಅಂದರು. ಅಂಗಿಯ ಒಳಜೇಬಿನಿಂದ 340 ರೂಪಾಯಿ ತೆಗೆದು ಎಣಿಸಿ ಮೇಜಿನ ಮೇಲಿಟ್ಟರು. ಏನಿದು ಅಂದೆ. ಅಪ್ಪನ ಕಾಲದ ಬಾಕಿಯಂತೆ. ನಮ್ಮ ಲೆಕ್ಕದ ಪುಸ್ತಕದಲ್ಲಿ ಅದು ಬರೆದೇ ಇರಲಿಲ್ಲ. ಬೇಡ ಅಂದರೆ ಕೇಳಲಿಲ್ಲ. "ಆ ಗಿಣಿ ಇದೆಯೇನಪ್ಪ?" ಅಂತ ಕೇಳಿದರು. ಹುಡುಕಿದೆ, ಆವತ್ತು ಸಿಗಲಿಲ್ಲ. ಎರಡು ವರ್ಷದ ಮೇಲೆ ಹಳೇ ಮೊಳೆಯನ್ನೆಲ್ಲ ಗುಜರಿಗೆ ತೂಕ ಹಾಕುವಾಗ ಒಂದು ಡ್ರಾಯರಿನ ಕೆಳಗೆ ಸಿಕ್ಕಿತು. ಅಷ್ಟು ಹೊತ್ತಿಗೆ ಅವರು ಇರಲಿಲ್ಲ.

ಹೋದ ವರ್ಷ ಬನಶಂಕರಿ ಕಡೆಯ ಒಬ್ಬ ಹುಡುಗಿ ಪ್ರೆಸ್ಸಿಗೆ ಬಂದಳು. ನಿಮ್ಮ ವಯಸ್ಸೇ ಇರಬೇಕು. ಅಜ್ಜಿಯಿಂದ ಕಲಿತು ಮನೆಯಲ್ಲೇ ಹುಣಸೆ ಚಿಗಳಿ ಕುಟ್ಟುತ್ತಾಳಂತೆ. ಇನ್ನೂರೇ ಇನ್ನೂರು ಲೇಬಲ್ಲು ಬೇಕು ಅಂದಳು. ಟ್ರೆಡಲ್ ಕಾಲದಲ್ಲಿ ಬಣ್ಣದ ಲೇಬಲ್ಲನ್ನು ಇನ್ನೂರಕ್ಕೆ ಹೊಡೆಯಲು ಯಾರೂ ಒಪ್ಪುತ್ತಿರಲಿಲ್ಲ. ಈಗ ಡಿಜಿಟಲ್ ಮೆಷಿನ್ನಿನಲ್ಲಿ ಐವತ್ತು ಬೇಕಾದರೂ ಆಗುತ್ತದೆ. ಸಿಲಿಂಡರೂ ಬೇಡ, ಬ್ಲಾಕೂ ಬೇಡ. ಗ್ರೇವಿಯರ್ ಕಿತ್ತುಕೊಂಡದ್ದರಲ್ಲಿ ಇದು ಒಂದಿಷ್ಟನ್ನು ವಾಪಸ್ ಕೊಡುತ್ತಿದೆ. ಇಂಗ್ಲಿಷಲ್ಲಿ ದೊಡ್ಡದಾಗಿ ಹಾಕಲೇ ಅಂತ ಬಾಯಿಗೆ ಬಂತು, ಅಭ್ಯಾಸಬಲ! ನುಂಗಿಕೊಂಡೆ. ಅವಳೇ ಹೇಳಿದಳು: "ಅಂಕಲ್, 'ಚಿಗಳಿ' ಅಂತ ಕನ್ನಡದಲ್ಲಿ ದಪ್ಪಗೆ ಬರಲಿ. ಕಾನೂನಿನ ವಿವರ ಇಂಗ್ಲಿಷಲ್ಲಿ ಕೆಳಗೆ ಸಣ್ಣದಾಗಿರಲಿ."

ಹಾಗೇ ಹೊಡೆದುಕೊಟ್ಟೆ. ದುಡ್ಡು ತೆಗೆದುಕೊಂಡೆ, ವ್ಯಾಪಾರ ವ್ಯಾಪಾರವೇ. ಎರಡು ಸಲ ಮತ್ತೆ ಬಂದಿದ್ದಾಳೆ, ಈಗ ಐನೂರಕ್ಕೆ ಬಂದಿದೆ.

ಗಿಣಿಯ ಬ್ಲಾಕು ನನ್ನ ಮೇಜಿನ ಮೇಲಿದೆ. ನಿಮ್ಮಲ್ಲಿ ಯಾರಾದರೂ ಕಮರ್‌ಕಟ್ಟು ಮಾಡುವವರಿದ್ದರೆ ಬನ್ನಿ, ಆ ಚಿತ್ರ ಬಳಸಿಕೊಳ್ಳಬಹುದೇ ಅಂತ ಯಜಮಾನರ ಮಕ್ಕಳನ್ನು ನಾನೇ ಹೋಗಿ ಕೇಳುತ್ತೇನೆ. ಮಧ್ಯಾಹ್ನ ಎರಡರಿಂದ ಮೂರು ಊಟಕ್ಕೆ ಬಾಗಿಲು ಹಾಕಿರುತ್ತೇನೆ, ಆ ಹೊತ್ತು ಬಿಟ್ಟು ಬನ್ನಿ.