ಪಟ್ಟಣ ಪಂಚಾಯಿತಿಗೂ ನಮ್ಮ ಮನೆಯೊಳಗಿನ ಹೊಡೆತಕ್ಕೂ ಏನು ಸಂಬಂಧ?

(ಸ್ವಸಹಾಯ ಗುಂಪುಗಳ ಒಕ್ಕೂಟದ ಸಭೆಯಲ್ಲಿ ಮಾಡಿದ ಭಾಷಣ)



"ಅಕ್ಕಾ, ಗಂಡ ಹೊಡೆಯೋದಕ್ಕೂ ಪಟ್ಟಣ ಪಂಚಾಯಿತಿಗೂ ಏನು ಸಂಬಂಧ? ಅವರು ನೀರು ಬಿಡಲಿ, ಚರಂಡಿ ಬಳಿಸಲಿ, ಅಷ್ಟು ಸಾಕು" ಎಂದು ನಿಮ್ಮಲ್ಲಿ ಅನೇಕರು ಹೇಳುತ್ತೀರಿ. ಐದು ವರ್ಷ ಅಲ್ಲಿ ಸದಸ್ಯೆಯಾಗಿ ಕೂತವಳು ನಾನು. ಸಂಬಂಧ ಇದೆ. ಅದೇನು ಎಂದು ಇವತ್ತು ಹೇಳುತ್ತೇನೆ.

ನಮ್ಮದು ಮೊದಲು ಹಳ್ಳಿ. ಆಗ ಗ್ರಾಮಸಭೆ ಇತ್ತು. ಕಾನೂನಿನಂತೆ ಅದನ್ನು ಕರೆಯಲೇಬೇಕಿತ್ತು, ಕರೆದರೆ ಹೆಂಗಸರೂ ಎದ್ದು ನಿಂತು ಕೇಳಬಹುದಿತ್ತು. ಊರು ಬೆಳೆಯಿತು, ಪಟ್ಟಣ ಪಂಚಾಯಿತಿ ಎಂದು ಬೋರ್ಡು ಬದಲಾಯಿತು. ಎಲ್ಲರೂ ಸಂತೋಷಪಟ್ಟೆವು. ಆದರೆ ಅವತ್ತೇ ಗ್ರಾಮಸಭೆ ಕೈತಪ್ಪಿತು ಎಂಬುದನ್ನು ಯಾರೂ ಹೇಳಲಿಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಾಡಳಿತದಲ್ಲಿ ಮೂರನೇ ಒಂದಕ್ಕೆ ಕಡಿಮೆ ಇಲ್ಲದಷ್ಟು ಸ್ಥಾನ ನಮಗೆ ಕೊಟ್ಟಿತು, ನಿಜ. ಆ ಮೀಸಲಾತಿ ಇಲ್ಲದಿದ್ದರೆ ನನ್ನಂಥವಳು ಆ ಕುರ್ಚಿ ಕಾಣುತ್ತಿರಲಿಲ್ಲ. ಆದರೆ ವಾರ್ಡ್ ಸಮಿತಿಯನ್ನು ಅದು ಕಡ್ಡಾಯ ಮಾಡಿದ್ದು 3 ಲಕ್ಷ ಮತ್ತು ಅದಕ್ಕೂ ಹೆಚ್ಚು ಜನ ಇರುವ ಊರುಗಳಿಗೆ ಮಾತ್ರ. ಹಳ್ಳಿಗೆ ಗ್ರಾಮಸಭೆ, ದೊಡ್ಡ ನಗರಕ್ಕೆ ವಾರ್ಡ್ ಸಮಿತಿ. ನಡುವೆ ಇರುವ ನಮ್ಮಂಥ ಪುಟ್ಟ ಪಟ್ಟಣದ ಹೆಂಗಸರನ್ನು ಸಂವಿಧಾನ ಹೇಳಿದೆ ಎಂದು ಯಾರೂ ಕೂಡಿಸಿ ಕೇಳಬೇಕಾಗಿಲ್ಲ. ಹಾಗಾಗಿ ನಾವೇ ಹೋಗಬೇಕು.

ಹೋಗದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಮಾತು ಹೇಳುತ್ತೇನೆ. ನಮ್ಮ ಪಕ್ಕದ ವಾರ್ಡಿನ ಒಬ್ಬ ಹುಡುಗಿಯನ್ನು ಗಂಡನ ಮನೆಯವರು ಇನ್ನೂ ದುಡ್ಡು ತಾ ಎಂದು ಹೊರಗೆ ಹಾಕಿದರು. ಮುಖಂಡರು ಜಗಲಿಯ ಮೇಲೆ ಕೂತು ರಾಜಿ ಮಾಡಿಸಿದರು. ಛಾಪಾ ಕಾಗದದ ಮೇಲೆ ಗಂಡನಿಂದ "ಇನ್ನು ಹೊಡೆಯುವುದಿಲ್ಲ" ಎಂದು ಬರೆಸಿ ಸಹಿ ಹಾಕಿಸಿದರು. ಹೀಗೆ ಮೂರು ಸಲ ನಡೆಯಿತು. ನಾಲ್ಕನೇ ಸಲ ಅವಳು ಬರಲಿಲ್ಲ, ಆಸ್ಪತ್ರೆಯಿಂದ ಸುದ್ದಿ ಬಂತು. ಕಾಲು ಜಾರಿ ಬಿದ್ದಳು ಎಂದು ಬರೆಸಿದ್ದರು. ಸದಸ್ಯರಾಗಲಿ ಮುಖಂಡರಾಗಲಿ, ಹೊಡೆತಕ್ಕೆ ತೀರ್ಪು ಕೊಡುವ ಅಧಿಕಾರ ಅವರಿಗಿಲ್ಲ. ಆ ಛಾಪಾ ಕಾಗದ ಅವಳನ್ನು ಕಾಪಾಡಲಿಲ್ಲ.

ಆ ವರ್ಷ ಬಜೆಟ್ ಪೂರ್ವಭಾವಿ ಸಭೆಗೆ ನಮ್ಮ ಗುಂಪುಗಳಿಂದ ಮೂವತ್ತು ಜನ ಹೋದೆವು. ಅದಕ್ಕೆ ಮುಂಚೆ ಆ ಸಭೆಗೆ ಬರುತ್ತಿದ್ದವರು ವರ್ತಕರು ಮತ್ತು ಗುತ್ತಿಗೆದಾರರು. ನಮ್ಮನ್ನು ನೋಡಿ ಹೊಲಿಗೆ ಯಂತ್ರ ಕೇಳಲು ಬಂದಿದ್ದಾರೆ ಅಂದುಕೊಂಡರು! ಹೆಂಗಸರಿಗೆ ಏನು ಮಾಡಿದಿರಿ ಎಂದರೆ ಎಲ್ಲ ಊರಲ್ಲೂ ಅದೇ ಉತ್ತರ, ಹೊಲಿಗೆ ಯಂತ್ರ. ಬೇಡ ಅನ್ನುವುದಿಲ್ಲ. ಅವತ್ತು ನಾವು ಕೇಳಿದ್ದು ಬೇರೆ.

ಮೊದಲು ದೀಪ. ರಾತ್ರಿ ಹೊರಗೆ ತಳ್ಳಿಸಿಕೊಂಡವಳು ತವರಿಗೋ ಗೆಳತಿಯ ಮನೆಗೋ ಓಡಬೇಕು, ದಾರಿ ಕತ್ತಲು. ನಮ್ಮ ಗುಂಪಿನವರು ಎರಡು ರಾತ್ರಿ ನಡೆದು, ಉರಿಯದ ಕಂಬಗಳನ್ನು ಎಣಿಸಿ ಪಟ್ಟಿ ಮಾಡಿದ್ದರು. ಪಟ್ಟಿ ಕೈಯಲ್ಲಿದ್ದರೆ ಮುಖ್ಯಾಧಿಕಾರಿಗಳು "ನೋಡೋಣ" ಅನ್ನುವುದು ಕಷ್ಟ.

ಆಮೇಲೆ ಗೋಡೆ ಬರಹ. ಕಚೇರಿಯ ಮುಂದೆಯೇ, ತೆರಿಗೆ ಕಟ್ಟುವ ಕಿಟಕಿಯ ಪಕ್ಕದಲ್ಲಿ ಬರೆಸಿದೆವು. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯಿದೆಯಡಿ ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿ ಎಂದರೆ ತಾಲ್ಲೂಕಿನ ಸಿಡಿಪಿಓ. ಅಂಗನವಾಡಿಯ ವಿಚಾರಕ್ಕೆ ನಮಗೆ ಗೊತ್ತಿರುವವರೇ! ಆದರೆ ಹೊಡೆತ ತಿಂದು ಅವರ ಹತ್ತಿರ ಹೋಗಬಹುದು ಎಂದು ನೂರಕ್ಕೆ ತೊಂಬತ್ತು ಹೆಂಗಸರಿಗೆ ಗೊತ್ತಿಲ್ಲ ಎಂದೇ ನನ್ನ ಅನಿಸಿಕೆ. ಸಹಾಯವಾಣಿ 181, ತುರ್ತಿಗೆ 112. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸಿಗೆ ವಕೀಲರು ಉಚಿತ, ಆದಾಯ ಎಷ್ಟೇ ಇರಲಿ. ಒಬ್ಬ ಸದಸ್ಯರು "ಇದು ಮನೆ ಮುರಿಯೋ ಕೆಲಸ" ಎಂದು ಸಭೆಯಲ್ಲಿ ಕೂಗಿದರು. ನಾನು ಕೇಳಿದೆ: ಮುರಿದಿರುವುದು ಕೈಮೂಳೆ ಸ್ವಾಮಿ, ಅದರ ಬಗ್ಗೆ ನಿಮ್ಮ ಅಭಿಪ್ರಾಯ ಏನು?

ಮೂರನೆಯದು ಸಮುದಾಯ ಭವನ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅದು ಪಂಚಾಯಿತಿಯ ಆಸ್ತಿ, ಬಾಡಿಗೆ ಕಟ್ಟಿ ಅಲ್ಲೇ ಮದುವೆ ಮಾಡುತ್ತೇವೆ. ವರದಕ್ಷಿಣೆ ನಿಷೇಧ ಕಾಯಿದೆ 1961ರದ್ದು. ಅದರಡಿ 1985ರಲ್ಲಿ ಒಂದು ನಿಯಮ ಬಂತು. ಮದುವೆಯಲ್ಲಿ ಕೊಟ್ಟ ಉಡುಗೊರೆಗಳನ್ನೆಲ್ಲ ಪಟ್ಟಿ ಮಾಡಬೇಕು. ವಸ್ತು ಏನು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ನೆಂಟಸ್ತಿಕೆ ಏನು, ಇಷ್ಟನ್ನೂ ಬರೆದು ಹುಡುಗ ಹುಡುಗಿ ಇಬ್ಬರೂ ಸಹಿ ಹಾಕಬೇಕು. ಹುಡುಗಿಗೆ ಬಂದದ್ದರ ಪಟ್ಟಿ ಹುಡುಗಿಯ ಹತ್ತಿರವೇ ಇರಬೇಕು. ನಮ್ಮಲ್ಲಿ ಮುಯ್ಯಿ ಬರೆಯಲು ಒಬ್ಬರನ್ನು ಕೂರಿಸುತ್ತೇವೆ, ನೂರು ರೂಪಾಯಿ ಕೂಡ ಬಿಡದೆ ಬರೆಯುತ್ತಾರೆ. ಮಗಳ ಮೈಮೇಲೆ ಹಾಕಿ ಕಳಿಸಿದ ಬಂಗಾರ ಮಾತ್ರ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಭವನ ಬಾಡಿಗೆಗೆ ಕೊಡುವಾಗ ಈ ಪಟ್ಟಿಯ ಖಾಲಿ ನಮೂನೆಯನ್ನೂ ರಸೀದಿಯ ಜೊತೆ ಕೊಡಬೇಕು ಎಂದು ಠರಾವು ಮಾಡಿಸಿದೆವು. ಇದಕ್ಕೆ ಖರ್ಚು ಬರೀ ಜೆರಾಕ್ಸ್‌ನದು.

ಎಲ್ಲರೂ ತುಂಬಿದರೇ? ಇಲ್ಲ. ಹೆಚ್ಚಿನವರು ಅದರಲ್ಲೇ ಎಲೆ ಅಡಿಕೆ ಕಟ್ಟಿಕೊಂಡು ಹೋದರು. ವರದಕ್ಷಿಣೆಯನ್ನು ಈ ಕಾಗದ ನಿಲ್ಲಿಸುತ್ತದೆ ಎಂದೂ ನಾನು ಹೇಳುವುದಿಲ್ಲ. ಆದರೆ ತುಂಬಿದ ಕೆಲವರಲ್ಲಿ ಒಬ್ಬಳು ಎರಡು ವರ್ಷದ ಮೇಲೆ ಮಗುವಿನೊಂದಿಗೆ ತವರಿಗೆ ಬಂದಾಗ "ನಿಮ್ಮಪ್ಪ ಏನು ಕೊಟ್ಟಿದ್ದ?" ಎಂದವರ ಮುಂದೆ ಆ ಕಾಗದ ಇಟ್ಟಳು. ವಕೀಲರು ಅದನ್ನೇ ಹಿಡಿದು ಮಾತಾಡಿದರು, ಒಡವೆ ವಾಪಸ್ಸು ಬಂತು.

ಕೊನೆಯದು ಮನೆಯ ಕಾಗದ. 2015ರಲ್ಲಿ ಶುರುವಾದ ನಗರ ಆವಾಸ್ ಯೋಜನೆಯ ಮನೆ ಹೆಂಗಸಿನ ಹೆಸರಲ್ಲಿ ಅಥವಾ ಜಂಟಿಯಾಗಿ ಇರಬೇಕೆಂಬುದು ನಿಯಮ. ಹಕ್ಕುಪತ್ರವನ್ನೂ ಖಾತೆಯನ್ನೂ ಕೈಗೆ ತೆಗೆದುಕೊಂಡು ಹೆಸರು ಓದಿಸಿಕೊಳ್ಳಿ. ಹೆಸರಿಲ್ಲದಿದ್ದರೂ ಗಂಡನೊಡನೆ ಬಾಳಿದ ಮನೆಯಲ್ಲಿ ಇರುವ ಹಕ್ಕನ್ನು 2005ರ ಕಾಯಿದೆ ಕೊಟ್ಟಿದೆ, ಬಾಡಿಗೆ ಮನೆಯಾದರೂ ಸರಿ. "ಇದು ನನ್ನ ಮನೆ, ಆಚೆ ಹೋಗು" ಎನ್ನುವಂತಿಲ್ಲ.

ಇನ್ನೊಂದು ವಿಷಯ. 498ಎ ಎಂದು ನಾವು ಬಾಯಿಪಾಠ ಮಾಡಿದ್ದ ಕಲಂ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂ ಆಗಿದೆ. ಠಾಣೆಯಲ್ಲಿ "ಆ ಕಾನೂನು ಈಗ ಇಲ್ಲಮ್ಮ" ಎಂದರೆ ಈ ನಂಬರು ಹೇಳಿ.

ಪಟ್ಟಿಯ ನಮೂನೆ ನೂರು ಪ್ರತಿ ತಂದಿದ್ದೇನೆ. ಗುಂಪಿಗೆ ಐದರಂತೆ ತೆಗೆದುಕೊಳ್ಳಿ. ಯಾರ ಮನೆಯಲ್ಲಿ ಮದುವೆ ಗೊತ್ತಾಗಿದೆಯೋ ಅವರು ಇನ್ನೊಂದು ಹೆಚ್ಚಿಗೆ ಒಯ್ಯಿರಿ, ಬೀಗರ ಮನೆಗೂ ಬೇಕಾಗುತ್ತದೆ.