ಉಂಡ ಮೇಲಿನ ಆಯಾಸ

(ಪಟಾನ್‌ಚೆರುವಿನ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ಸಾಹಿತ್ಯ, ಸಂಗೀತ, ಇತಿಹಾಸಗಳನ್ನು ಕುರಿತು ಮಾತನಾಡುವುದು ವಾಡಿಕೆ. ನಾನಾದರೋ ಊಟದ ವಿಷಯವನ್ನು ಎತ್ತಿಕೊಂಡಿದ್ದೇನೆ. ಅದೂ ಹಬ್ಬದ ಊಟಕ್ಕೆ ಸ್ವಲ್ಪವೇ ಮೊದಲು. ತಾವು ಕ್ಷಮಿಸಬೇಕು. ಭಾಷೆಯಂತೆ ಊಟವೂ ನಾವು ಊರಿನಿಂದ ಹೊತ್ತು ತಂದ ಆಸ್ತಿಯೇ. ಭಾಷೆಯನ್ನು ಉಳಿಸಿಕೊಳ್ಳಲು ಸಂಘ ಕಟ್ಟಿದ್ದೇವೆ. ಊಟ ಕೈಬಿಟ್ಟು ಹೋಗುತ್ತಿರುವುದನ್ನು ಮಾತ್ರ ಅಷ್ಟಾಗಿ ಗಮನಿಸಿಲ್ಲ.

ನಮ್ಮಲ್ಲಿ ಅನೇಕರು ಬೀದರ, ಕಲಬುರಗಿ, ರಾಯಚೂರು ಕಡೆಯವರು. 1956ರ ನವೆಂಬರ್ 1ರವರೆಗೆ ಆ ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆದುದರಿಂದ ಈ ಊರು ನಮಗೆ ತೀರ ಪರಸ್ಥಳವೇನೂ ಅಲ್ಲ. ಜಹೀರಾಬಾದಿನ ಮೇಲೆ ಹಾದು ಬಂದ ನಾವು ಜೋಳದ ರೊಟ್ಟಿ, ಪುಂಡಿಪಲ್ಯ, ತೊಗರಿಬೇಳೆ, ಶೇಂಗಾ ಹಿಂಡಿಯ ಊಟದವರು. ಮೈಸೂರು ಸೀಮೆಯ ಬಂಧುಗಳದು ರಾಗಿಮುದ್ದೆ, ಸೊಪ್ಪಿನ ಸಾರು. ಇಲ್ಲಿಗೆ ಬಂದ ಮೇಲೆ ರೊಟ್ಟಿ ತಟ್ಟಲು ಸಮಯವಿಲ್ಲ. ಡಬ್ಬಿಯಲ್ಲಿ ಬಿಳಿ ಅನ್ನ ತುಂಬುವುದು ಸುಲಭ. ರಜೆಯ ದಿನ ಬಿರಿಯಾನಿ, ಜೊತೆಗೆ ಬಣ್ಣದ ಸಿಹಿ ಪಾನೀಯ.

ಈಗ ಮನೆಮನೆಯಲ್ಲೂ ಒಂದು ದೂರು: ಉಂಡೊಡನೆ ಕೈಕಾಲು ಸೋಲುತ್ತವೆ, ಕಣ್ಣು ಎಳೆಯುತ್ತದೆ. ಇದನ್ನು ಸೋಮಾರಿತನವೆಂದು ನಕ್ಕುಬಿಡುವಂತಿಲ್ಲ. ಕಾರ್ಖಾನೆಯಲ್ಲಿ ಯಂತ್ರದ ಮುಂದೆ ನಿಂತವನು ತೂಕಡಿಸಿದರೆ ಬೆರಳು ಹೋದೀತು. ಹೆದ್ದಾರಿಯಲ್ಲಿ ಬೈಕಿನ ಮೇಲೆ ತೂಕಡಿಸಿದರೆ ಪ್ರಾಣವೇ ಹೋದೀತು.

ಹಾಗಾದರೆ ಕಾರಣವೇನು? ಉಂಡಾಗ ರಕ್ತವೆಲ್ಲ ಹೊಟ್ಟೆಗಿಳಿದು ತಲೆಗೆ ಸಾಲದಾಗುತ್ತದೆಂದು ಹೇಳುವುದುಂಟು. ಆದರೆ ಮಿದುಳು ತನ್ನ ಪಾಲಿನ ರಕ್ತವನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವ ಅಂಗವಲ್ಲ. ದೇಹದೊಳಗಿನ ಗಡಿಯಾರದಿಂದಾಗಿ ಮಧ್ಯಾಹ್ನದ ಹೊತ್ತಿಗೆ, ಉಣ್ಣದವನಿಗೂ ಕೊಂಚ ಮಂಪರು ಬರುವುದು ಸಹಜ. ಅದರ ಮೇಲೆ ರಾಶಿ ಅನ್ನ ಬಿದ್ದರೆ ರಕ್ತದಲ್ಲಿ ಸಕ್ಕರೆ ಬೇಗ ಏರುತ್ತದೆ. ಅದನ್ನು ಇಳಿಸಲು ಇನ್ಸುಲಿನ್ ಸುರಿಯುತ್ತದೆ. ಈ ಏರಿಳಿತ ಜೋರಾದಷ್ಟೂ ಕೆಲವರಿಗೆ ಆಯಾಸ ಹೆಚ್ಚು.

ಇನ್ನೊಂದು ಕಾರಣ ಉರಿಯೂತ. ಗಾಯವಾದೆಡೆ ಕೆಂಪಾಗಿ, ಬಿಸಿಯಾಗಿ ಊದಿಕೊಳ್ಳುವುದನ್ನು ತಾವೆಲ್ಲರೂ ಕಂಡಿದ್ದೀರಿ. ಅದು ದೇಹದ ಕಾವಲುಪಡೆಯ ಕೆಲಸ. ಉಂಡಾಗಲೂ ಈ ಪಡೆ ಸ್ವಲ್ಪ ಎಚ್ಚೆತ್ತುಕೊಳ್ಳುತ್ತದೆ. ಊಟದ ನಂತರ ಕಾವಲು ಜೀವಕೋಶಗಳು ಇಂಟರ್‌ಲ್ಯೂಕಿನ್-1 ಬೀಟಾ ಎಂಬ ವಸ್ತುವನ್ನು ಬಿಟ್ಟು ಇನ್ಸುಲಿನ್ನಿಗೆ ನೆರವಾಗುತ್ತವೆಂದು ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾನಿಲಯದವರು ಇಲಿಗಳ ಮೇಲೆ ಪ್ರಯೋಗ ನಡೆಸಿ 2017ರಲ್ಲಿ ಪ್ರಕಟಿಸಿದರು. ಜ್ವರ ಬಂದಾಗ ನಮ್ಮನ್ನು ಹಾಸಿಗೆಗೆ ಕೆಡವುವ ವಸ್ತುಗಳ ಗುಂಪಿಗೇ ಇದೂ ಸೇರಿದ್ದು. ಮಿತವಾದ ಊಟದಲ್ಲಿ ಈ ಕಾವು ಬೇಗ ಆರುತ್ತದೆ. ಆದರೆ ಹೊಟ್ಟೆಯ ಸುತ್ತ ಕೊಬ್ಬು ಬೆಳೆದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಉರಿಯೂತ ಬೂದಿ ಮುಚ್ಚಿದ ಕೆಂಡದಂತೆ ಸದಾ ಇರುತ್ತದೆ. ಜಿಡ್ಡು, ಮೈದಾ, ಸಿಹಿ ಸೇರಿದ ಭಾರಿ ಊಟ ಆ ಕೆಂಡಕ್ಕೆ ಗಾಳಿ ಹಾಕಿದಂತೆ.

ಈ ಕೆಂಡವನ್ನು ತಣಿಸುವುದರಲ್ಲಿ ನಾರಿನ ಪಾತ್ರ ದೊಡ್ಡದು. ಅದು ಸಕ್ಕರೆಯ ಏರಿಕೆಯನ್ನು ನಿಧಾನಗೊಳಿಸುತ್ತದೆ. ಕರುಳಿನ ಸೂಕ್ಷ್ಮಜೀವಿಗಳಿಗೆ ಆಹಾರವಾಗಿ, ಉರಿಯೂತವನ್ನು ತಗ್ಗಿಸುವ ಆಮ್ಲಗಳನ್ನು ಅವುಗಳಿಂದ ಹೊರಡಿಸುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯೂ ನಮ್ಮಂತೆ ವಲಸೆ ಬಂದದ್ದೇ. 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿ ರೋಗದ ವಿಚಾರಣೆಗೆಂದು ಆರಂಭವಾಗಿ 1958ರಲ್ಲಿ ಇಲ್ಲಿಗೆ ಬಂದಿತು. ಆ ರೋಗವೂ ಹೆಚ್ಚಾಗಿ ಪಾಲಿಶ್ ಅಕ್ಕಿಯನ್ನೇ ನೆಚ್ಚಿದವರನ್ನು ಕಾಡಿದ ರೋಗವೆಂಬುದು ಗಮನಾರ್ಹ. ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ನಾರು 3 ಗ್ರಾಮಿಗೂ ಕಡಿಮೆ. ಜೋಳದಲ್ಲಿ ಸುಮಾರು 10, ರಾಗಿಯಲ್ಲಿ ಸುಮಾರು 11 ಗ್ರಾಂ. ಕಬ್ಬಿಣ ಅಕ್ಕಿಯಲ್ಲಿ 1 ಮಿಲಿಗ್ರಾಮಿಗೂ ಕಡಿಮೆ, ಜೋಳದಲ್ಲಿ ಸುಮಾರು 4 ಮಿಲಿಗ್ರಾಂ.

ಇನ್ನು ನಮ್ಮ ಪಟಾನ್‌ಚೆರುವಿನಲ್ಲೇ 1972ರಲ್ಲಿ ಇಕ್ರಿಸ್ಯಾಟ್ ಸ್ಥಾಪನೆಯಾಯಿತು. ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ ಅಲ್ಲಿಯ ಸಂಶೋಧನೆಯ ಬೆಳೆಗಳು. ನಾವು ಊರಲ್ಲಿ ಬಿಟ್ಟು ಬಂದ ತಟ್ಟೆಯನ್ನು ನಮ್ಮ ಬಾಗಿಲಲ್ಲೇ ವಿಜ್ಞಾನಿಗಳು ಅಭ್ಯಸಿಸುತ್ತಿದ್ದಾರೆ. ನಾವೋ ಅದೇ ಬೇಲಿಯ ಪಕ್ಕದಲ್ಲಿ ಹಾದು ಬಿಳಿ ಅನ್ನದ ಡಬ್ಬಿ ಒಯ್ಯುತ್ತಿದ್ದೇವೆ! ಹಾಗೆಂದು ರೊಟ್ಟಿಯೇನೂ ಮಂತ್ರವಲ್ಲ. ಲೆಕ್ಕವಿಲ್ಲದೆ ಉಂಡರೆ ಜೋಳವೂ ಸಕ್ಕರೆಯನ್ನು ಏರಿಸುತ್ತದೆ.

ತಾಯಂದಿರಿಗೆ ಒಂದು ಮಾತು. ಎಲ್ಲರೂ ಉಂಡ ಮೇಲೆ ಉಳಿದ ಅನ್ನ, ತಳದ ಸಾರು ಉಣ್ಣುವ ಪದ್ಧತಿ ಇನ್ನೂ ಹೋಗಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಅವರಲ್ಲಿ ಅನೇಕರ ಆಯಾಸ ಊಟದಿಂದ ಬಂದದ್ದಲ್ಲ, ಊಟ ಸಾಲದೆ ಬಂದದ್ದು. ಬೇಳೆ, ಸೊಪ್ಪು ಅವರ ತಟ್ಟೆಗೂ ಬೀಳಲಿ. ಊಟದ ಜೊತೆಗೇ ಚಹಾ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ಗಂಟೆ ತಡೆಯುವುದು ಲೇಸು.

ಮಾಡತಕ್ಕದ್ದು ಇಷ್ಟೇ. ಅನ್ನ ಅರ್ಧ ಮಾಡಿ. ಕಾಳು, ಪಲ್ಯ ಹೆಚ್ಚಿಸಿ. ಮೊದಲು ಪಲ್ಯ, ಬೇಳೆ. ಆಮೇಲೆ ಅನ್ನ ಉಣ್ಣಿ. ವಾರದಲ್ಲಿ ಕೆಲವು ದಿನವಾದರೂ ರೊಟ್ಟಿ, ಮುದ್ದೆ ಒಲೆಯ ಬಳಿಗೆ ಮರಳಲಿ. ರೊಟ್ಟಿ ತಟ್ಟಲು ಗಂಡಸರೂ ಕಲಿಯಬಹುದು. ಉಂಡ ಮೇಲೆ ಹತ್ತು ನಿಮಿಷ ಅಡ್ಡಾಡಿ. ಸ್ನಾಯುಗಳು ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ರಾತ್ರಿ ಪಾಳಿಯವರ ದೇಹ ಆ ಹೊತ್ತಿನಲ್ಲಿ ಸಕ್ಕರೆಯನ್ನು ಸರಿಯಾಗಿ ನಿಭಾಯಿಸದು. ಅವರು ದೊಡ್ಡ ಊಟವನ್ನು ಪಾಳಿಗೆ ಮೊದಲೇ ಮುಗಿಸಿ, ನಡುರಾತ್ರಿ ಹಗುರವಾಗಿ ತಿನ್ನಲಿ.

ಇಷ್ಟಾದರೂ ಆಯಾಸ ಬಿಡದಿದ್ದರೆ, ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ಏದುಸಿರು, ಭಾರಿ ಗೊರಕೆ ಇದ್ದರೆ, ವೈದ್ಯರನ್ನು ಕಂಡು ಸಕ್ಕರೆ, ಹಿಮೋಗ್ಲೋಬಿನ್, ಥೈರಾಯಿಡ್ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟವನ್ನು ಒಮ್ಮೆಗೇ ಬದಲಿಸಬಾರದು.

ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವಷ್ಟೇ ಮುತುವರ್ಜಿಯಿಂದ ಜೋಳ, ರಾಗಿಯ ರುಚಿಯನ್ನೂ ಕಲಿಸೋಣ.