ಸೆಟ್ಟಿಂಗ್ ಎಲ್ಲಿ ಕೂತಿರುತ್ತದೆ?

ಮೈನ್‌ಕ್ರಾಫ್ಟ್‌ನಲ್ಲಿ ಯಾವ ಗುಂಡಿ ಒತ್ತಿದರೆ ಜಿಗಿಯಬೇಕು, ಮೌಸ್ ಎಷ್ಟು ಚುರುಕಾಗಿರಬೇಕು ಎಂದು ಒಮ್ಮೆ ಹೇಳಿಟ್ಟರೆ ಮರುದಿನವೂ ಅದು ಹಾಗೆಯೇ ಇರುತ್ತದೆ. ಆಟಕ್ಕೆ ಇದೆಲ್ಲ ಹೇಗೆ ನೆನಪಿರುತ್ತದೆ?

ಕಂಪ್ಯೂಟರಿನ ಜಾವಾ ಆವೃತ್ತಿಯಲ್ಲಿ, ಆಟದ ಫೋಲ್ಡರಿನೊಳಗೆ ‘ಆಪ್ಷನ್ಸ್’ ಎಂಬ ಪುಟ್ಟ ಫೈಲ್ ಇದೆ. ತೆರೆದರೆ ಸಾಲಿಗೊಂದು ಸೆಟ್ಟಿಂಗ್: ಮೊದಲು ಹೆಸರು, ನಡುವೆ ಎರಡು ಚುಕ್ಕಿ, ಆಮೇಲೆ ನೀವು ಆರಿಸಿದ್ದು. ಭಾಷೆಯ ಸಾಲಿನಲ್ಲಿ ‘ಕೆಎನ್_ಐಎನ್’ ಎಂದಿದ್ದರೆ ಆಟ ಕನ್ನಡದಲ್ಲಿ ತೆರೆದುಕೊಳ್ಳುತ್ತದೆ. ಹೌದು, ಕನ್ನಡದಲ್ಲೂ ಆಡಬಹುದು! ಸೆಟ್ಟಿಂಗ್‌ಗಳನ್ನು ಹೀಗೆ ಬರೆದಿಡುವ ಫೈಲೇ ಕಾನ್ಫಿಗರೇಶನ್ ಫೈಲ್.

ಹೊಸ ಕಂಪ್ಯೂಟರಿನಲ್ಲಿ ಈ ಫೈಲ್ ಇರುವುದಿಲ್ಲ; ಎಲ್ಲ ಮೊದಲಿಂದ ಹೇಳಬೇಕು. ಆ ರಗಳೆ ಬೇಡವೆಂದರೆ ಫೈಲನ್ನು ಡ್ರಾಪ್‌ಬಾಕ್ಸ್‌ನಂಥ ಕ್ಲೌಡ್ ಸೇವೆಯ ಫೋಲ್ಡರಿನಲ್ಲಿಟ್ಟು, ಅದರ ಹಳೆಯ ಜಾಗದಲ್ಲಿ ‘ಸಿಂಬಾಲಿಕ್ ಲಿಂಕ್’ ಎಂಬ ಕೈಕಂಬ ನೆಡುತ್ತಾರೆ. ಆಟ ಹಳೆಯ ಜಾಗಕ್ಕೇ ಬರುತ್ತದೆ, ಕೈಕಂಬ ಅದನ್ನು ಹೊಸ ಜಾಗಕ್ಕೆ ಕಳಿಸುತ್ತದೆ.

ಫೈಲ್ ಬದಲಾದದ್ದು ಡ್ರಾಪ್‌ಬಾಕ್ಸ್‌ಗೆ ತಿಳಿಯುವ ಬಗೆಯೇ ನನಗೆ ಎಲ್ಲಕ್ಕಿಂತ ಇಷ್ಟ. ಅದು ಕ್ಷಣಕ್ಷಣವೂ ಇಣುಕಿ ನೋಡುತ್ತಿರುವುದಿಲ್ಲ. ‘ಈ ಫೋಲ್ಡರಿನಲ್ಲಿ ಯಾರಾದರೂ ಏನಾದರೂ ಬರೆದರೆ ಹೇಳು’ ಎಂದು ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್‌ಗೆ ಹೇಳಿ ಸುಮ್ಮನಿರುತ್ತದೆ. ಲಿನಕ್ಸ್‌ಗೆ ಇದಕ್ಕೆಂದೇ ‘ಐನೋಟಿಫೈ’ ಎಂಬ ಏರ್ಪಾಡು 2005ರಲ್ಲಿ ಬಂತು.

ಸುದ್ದಿ ಬಂದೊಡನೆ ಡ್ರಾಪ್‌ಬಾಕ್ಸ್ ಫೈಲನ್ನು ಹೆಚ್ಚೆಂದರೆ 4 ಎಂಬಿ ಗಾತ್ರದ ತುಂಡುಗಳಾಗಿಸಿ, ಪ್ರತಿ ತುಂಡಿನಿಂದ ‘ಹ್ಯಾಶ್’ ಎಂಬ ಗುರುತನ್ನು ಲೆಕ್ಕ ಹಾಕುತ್ತದೆ. ಬರೆದರೆ 64 ಅಕ್ಷರ-ಅಂಕಿಗಳ ಸಾಲು. ಫೈಲಿನಲ್ಲಿ ಒಂದೇ ಒಂದು ಅಂಕಿ ತಿದ್ದಿ ನೋಡಿ, ಗುರುತು ಪೂರಾ ಬೇರೆಯಾಗಿಬಿಡುತ್ತದೆ. ಡ್ರಾಪ್‌ಬಾಕ್ಸ್‌ನ ಸರ್ವರ್‌ನಲ್ಲಿ ಇಲ್ಲದ ಗುರುತಿನ ತುಂಡು ಮಾತ್ರ ಅಲ್ಲಿಗೆ ಹೋಗುತ್ತದೆ. ನಿಮ್ಮ ಇನ್ನೊಂದು ಕಂಪ್ಯೂಟರ್ ಅದನ್ನು ಇಳಿಸಿಕೊಳ್ಳುತ್ತದೆ.

ಇಂಟರ್ನೆಟ್ ಇಲ್ಲದಾಗ ಅಕ್ಕ ಒಂದು ಕಂಪ್ಯೂಟರಿನಲ್ಲಿ, ತಮ್ಮ ಇನ್ನೊಂದರಲ್ಲಿ ಅದೇ ಫೈಲನ್ನು ಬದಲಿಸಿದರೆ? ಯಾರದು ಸರಿ ಎಂದು ಡ್ರಾಪ್‌ಬಾಕ್ಸ್ ತೀರ್ಪು ಕೊಡುವುದಿಲ್ಲ. ಎರಡನ್ನೂ ಇಟ್ಟುಕೊಂಡು, ಒಂದರ ಹೆಸರಿಗೆ ‘ಕಾನ್‌ಫ್ಲಿಕ್ಟೆಡ್ ಕಾಪಿ’ ಎಂದು ಸೇರಿಸುತ್ತದೆ. ಜಾಣತನವೇ!

ಹಾಗೆಂದು ಎಲ್ಲ ಸೆಟ್ಟಿಂಗೂ ಎಲ್ಲ ಕಡೆ ಹೊಂದುವುದಿಲ್ಲ. ಆಟದಲ್ಲಿ ಎಷ್ಟು ದೂರದವರೆಗೆ ಕಾಣಬೇಕು ಎಂಬುದೂ ಅದೇ ಆಪ್ಷನ್ಸ್ ಫೈಲಿನಲ್ಲಿದೆ. ದೊಡ್ಡ ಕಂಪ್ಯೂಟರಿಗೆ ಸಲೀಸಾದ ಆ ಅಂಕಿ ಹಳೆಯ ಲ್ಯಾಪ್‌ಟಾಪಿಗೆ ಹೋದರೆ ಆಟ ತಡವರಿಸುತ್ತದೆ. ಅಳಿಸಿದ ಫೈಲಿನದೂ ಇದೇ ಕಥೆ: ಇಲ್ಲಿ ಅಳಿಸಿದರೆ ಅಲ್ಲೂ ಮಾಯ. ಡ್ರಾಪ್‌ಬಾಕ್ಸ್‌ನ ಉಚಿತ ಖಾತೆಯಲ್ಲಿ 30 ದಿನದೊಳಗಾದರೆ ವಾಪಸ್ ಪಡೆಯಬಹುದು.

ಕೆಲವು ಕಾನ್ಫಿಗರೇಶನ್ ಫೈಲುಗಳಲ್ಲಿ ಪಾಸ್‌ವರ್ಡ್ ಕೂಡ ಇರುತ್ತದೆ. ಯಾವುದನ್ನೇ ಕ್ಲೌಡ್‌ಗೆ ಏರಿಸುವ ಮೊದಲು ಮನೆಯ ಹಿರಿಯರ ಜತೆ ಕೂತು ಒಮ್ಮೆ ತೆರೆದು ಓದಿ.